ಹಸಿರು ಬಾಲದ್ದು

ಇಲಿ ಅಂದ್ರ ಇಲಿ, ಅದರಾಗೇನು ಅಂತಿದ್ದೆ ನಾನೂ,
ಸುಮೇಧಾ ತಾಯಿ ಬರೋತನಕ.
(ತಾಯಿ ಅಂದ್ರ ಅವರ ಮರಾಠಿಯೊಳಗ ಅಕ್ಕ.
ವಯಸ್ಸಿನಾಗ ನನಗಿಂತ ಸಣ್ಣಾಕಿ.)
ಉಮದಿಯ ಆಚೆ, ಶಿವಗೊಂಡನ ಜ್ವಾಳದ ಹೊಲದ ಬದುವಿನ ಮ್ಯಾಲ
ನಲವತ್ತು ತಗಡಿನ ಡಬ್ಬಿ ಇಟ್ಟರು.
ನನ್ನ ಕೂಲಿ, ಬೆಳಗಿನ ಐದಕ್ಕ ಬ್ಯಾಟರಿ ಹಿಡದು
ಯಾವುದರ ಬಾಗಿಲ ಬಿದ್ದದ ನೋಡೂದು,
ಒಳಗಿದ್ದವರನ್ನ ಚೀಲಕ್ಕ ಇಳಿಸಿ ತೂಗೂದು,
ಬಾಲದ ಬುಡಕ್ಕ ಉಗುರುಬಣ್ಣ ಹಚ್ಚೂದು.

ಆಮ್ಯಾಲ ಪರೀಕ್ಷಾ.
ಎರಡು ಮೊಳದ ಪೈಪು. ಈ ತುದಿ ಮುಚ್ಚಿ, ಆ ತುದಿ ತೆರದು
ತಾಯಿ ಗಡಿಯಾರ ಒತ್ತತಾರ.
ಕೆಂಪು ಬಾಲದ್ದು, ಒತ್ತೂದರೊಳಗ ಬಯಲಾಗ ಇತ್ತು.
ನೀಲಿ ಮೂತಿ ಹೊರಗ ಹಾಕಿ, ಒಳಗ ಎಳಕೊಂಡು,
ಮತ್ತ ಹಾಕಿ, ಮತ್ತ ಎಳಕೊಂಡು,
ಸಾಲ ಕೇಳಾಕ ಬಂದವರು ಹೊಸ್ತಿಲ ಮ್ಯಾಲ ಮಾಡಿದಂಗ.
ಗುಲಾಬಿ ದಿನಾ ಅದೇ ಡಬ್ಬಿಗೆ ಬೀಳತಿತ್ತು,
ಶೇಂಗಾ ತಿಂದು, ಹತ್ತಿಯೊಳಗ ಮಲಗಿ,
ನಾ ಬಾಗಿಲ ತೆಗದರ ಎದ್ದು ಮೈ ಮುರದು
ಇಷ್ಟು ಲಗೂನ ಬೆಳಗಾತೇನು ಅನ್ನೂವಂಗ ನೋಡತಿತ್ತು.
ಬಿಳಿ ಬಣ್ಣದ್ದು ನನ್ನ ಹೆಬ್ಬೆರಳ ಕಡದು
ಎರಡು ಸೂಜಿ ಮಾಡಿಸಿತು, ಜತ್ತದ ದವಾಖಾನಿಯೊಳಗ.

ಹಸಿರು ಬಾಲದ್ದು ಹೊರಗ ಬರಲಿಲ್ಲ.
ಐದು ಮಿನಿಟು. ಹತ್ತು. ತಾಯಿ ಚಾ ಕುಡದರು.
ಇಪ್ಪತ್ತಕ್ಕ ಪುಸ್ತಕದಾಗ ಗೀಟು ಎಳದು
ಪೈಪು ಎತ್ತಿ ಝಾಡಿಸು ಅಂದರು.
ಮುಂದಿನ ವಾರ ಮತ್ತ ಅದೇ ಗೀಟು.
ತೂಕ ಎಲ್ಲಾರಕಿಂತ ಹೆಚ್ಚು, ಮೈ ಎಣ್ಣಿ ಹಚ್ಚಿದಂಗ;
ರೋಗ ಇಲ್ಲ. ಅಂಜಿಕಿ ಅಂತ ತಾಯಿ ಬರಕೊಂಡರು.
ನನಗ ಹಂಗ ಅನಸಲಿಲ್ಲ. ಅದು ಕೇಳತಿತ್ತು.
ಪೈಪಿಗೆ ಕಣ್ಣು ಹಚ್ಚಿದರ ಬರೇ ಕಿವಿ ಕಾಣತಿದ್ದವು,
ನಮ್ಮ ಮಾತು, ನಮ್ಮ ಕಪ್ಪಿನ ಸಪ್ಪಳ, ಬದುವಿನ ಗಾಳಿ
ಎಲ್ಲಾ ಮುಗೀಲಿ ಅಂತ ಕಾಯೂ ಕಿವಿ.

ನಮ್ಮವ್ವ ಆರು ಮಂದಿ ಹಡದಾಕಿ. ಅಕಿನ್ನ ಕೇಳಿದೆ.
"ಒಂದ ಹೊಟ್ಟಿ, ಒಂದ ಹಾಲು, ಒಂದ ಒಲಿ.
ಒಬ್ಬಾಕಿ ಒಳಗಿದ್ದಾಗನ ಒದ್ದಾಳು,
ಒಬ್ಬಾಕಿನ್ನ ಸೂಲಗಿತ್ತಿ ಜಗ್ಗಿ ತಗೀಬೇಕಾತು" ಅಂದಳು.
ಯಾರಂತ ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಮಾರ್ಗಶಿರಕ್ಕ ತೆನಿ ಹಾಲುಗಟ್ಟಿತು. ತಾಯಿ ಡಬ್ಬಿ ಕಟಗೊಂಡು
ಪುಣೆಕ್ಕ ಹೋದರು. ಮೂರನೇ ದಿನ ಶಿವಗೊಂಡ ಹೇಳಿ ಕಳಿಸಿದ:
"ಬಿಲ ಎಲ್ಲೆಲ್ಲಿ ಅವ ನಿನಗ ಗೊತ್ತಲ್ಲ,
ಅದೇ ಕೂಲಿ."

ಸಂಜಿಗೆ ಎಲ್ಲಾ ಬಾಯಿ ಎರಿಮಣ್ಣಿಂದ ಮೆತ್ತಿದೆ, ಇಪ್ಪತ್ತಮೂರು.
ಮುಂಜಾನೆ ತೆರದಿದ್ದರ ಒಳಗ ಜೀವ ಅದ ಅಂತ ಲೆಕ್ಕ,
ಅಲ್ಲಿ ಔಷಧ. ಮುಚ್ಚಿದಂಗ ಇದ್ದರ ಖಾಲಿ.

ಕೆಂಪಿನ ಬಿಲ ರಾತ್ರಿಗೇ ತೆರದು ಮೊಳದುದ್ದ ಮಣ್ಣು ಚೆಲ್ಲಿತ್ತು.
ನೀಲಿ ಅರ್ಧ ತೆರದು ಬಿಟ್ಟಿತ್ತು.
ಗುಲಾಬಿ, ಬಾಗಿಲಾಗ ಇಟ್ಟ ಉಂಡಿಯನ್ನ
ಶೇಂಗಾ ಅಂತಲೇ ತಿಳದಿರಬೇಕು,
ನನ್ನ ಕೈ ವಾಸನಿ ಇತ್ತಲ್ಲ.
ನಾ ಇಟ್ಟೆ. ಇಡಲಿಲ್ಲ ಅಂತ ಹೇಳಾಂಗಿಲ್ಲ.

ಬಾರಿಗಿಡದ ಬುಡದ್ದು ನಾ ಮೆತ್ತಿದಂಗ ಇತ್ತು,
ನನ್ನ ಬಟ್ಟಿನ ಗುರುತು ಸೈತ.
"ಇದು?" ಅಂದ ಶಿವಗೊಂಡ.
ಅದರ ತೂಕ ನನಗ ಗೊತ್ತು, ಇನ್ನೂರ ಹತ್ತು ಗ್ರಾಂ.
ಒಳಗ ಕುಂತು ಅವನ ಚಪ್ಪಲಿ ಸಪ್ಪಳ ಎಣಸತಿರೂದು ಗೊತ್ತು.
"ಖಾಲಿ" ಅಂದೆ.

ಸುಗ್ಗಿಯೊಳಗ ಬಾರಿಗಿಡದ ಸುತ್ತ
ಹನ್ನೆರಡು ದಂಟು ತೆನಿ ಇಲ್ಲದ ನಿಂತಿದ್ದವು.
ಅವನ್ನ ನಾನ ಕೊಯ್ದೆ,
ಸಿವುಡಿನ ನಡುವ ಇಟ್ಟು ಕಟ್ಟಿದೆ.