ಲಾಭ, ಎರಡು, ಮೂರು

ಸುಣ್ಣದ ಗೆರೆ ಮೊದಲ ಪಂದ್ಯಕ್ಕೇ ಅರ್ಧ ಹಾರಿಹೋಗಿದೆ.
ಬೆಟಗೇರಿಯ ಫೈರೋಜಾ ಚೆಂಡನ್ನು ಎದೆಗವಚಿ ನಿಂತಿದ್ದಾಳೆ.
ಎದುರಿಗೆ ರೋಣದ ಕಸ್ತೂರಿ, ತೋಳು ಬಿಚ್ಚಿ,
ಮುಟ್ಟುವುದಿಲ್ಲ, ಬಿಡುವುದೂ ಇಲ್ಲ.
ನಡುವೆ ಒಂದು ಮೀಟರು,
ಅಥವಾ ಅದಕ್ಕೂ ನಾಲ್ಕು ಬೆರಳು ಕಮ್ಮಿ.
ಟೇಪು ಹಿಡಿಯುವವರು ಯಾರು? ನನ್ನ ಕಣ್ಣೇ ಗಜ.

ಬಲಗೈ ಬೀಸುತ್ತೇನೆ, ಎಲ್ಲರಿಗೂ ಕಾಣುವ ಹಾಗೆ.
ಬಾಯೊಳಗೆ, ಯಾರಿಗೂ ಕೇಳದ ಹಾಗೆ:
ಲಾಭ.

ಹಾಗೆ ಎಣಿಸಬಾರದೆಂದು ನಿಯಮದ ಪುಸ್ತಕದಲ್ಲಿಲ್ಲ.
ನಮ್ಮಪ್ಪ ಗದಗಿನ ಮಾರ್ಕೆಟ್ಟಿನಲ್ಲಿ ಹೆಸರುಕಾಳು ಅಳೆಯುತ್ತಿದ್ದ,
ಮೊದಲ ಸೇರಿಗೆ ಒಂದು ಎಂದವನಲ್ಲ.
ಲಾಭ, ಎನ್ನುತ್ತಿದ್ದ. ಯಾರಿಗೆ, ಎಂದರೆ
'ಸುಮ್ನಿರು, ಲೆಕ್ಕ ತಪ್ಪತೈತಿ.'
ಸೇರಿನ ನೆತ್ತಿ ಸವರುವ ಅವನ ಅಂಗೈಯನ್ನು
ಕೊಡುವವನೂ ಕೊಳ್ಳುವವನೂ ಒಂದೇ ಅನುಮಾನದಲ್ಲಿ ನೋಡುತ್ತಿದ್ದರು.
ಕಾಳು ಗೋಪುರವಾದರೆ ಒಬ್ಬನಿಗೆ ಉರಿ,
ಸಪಾಟಾದರೆ ಇನ್ನೊಬ್ಬನಿಗೆ.

ಎರಡು.
ಕಸ್ತೂರಿಯ ಹಿಮ್ಮಡಿ ಒಂದು ಗೇಣು ಹಿಂದೆ ಸರಿಯಿತು.
ಸರಿಯಿತೋ, ಬರೀ ಧೂಳೆದ್ದಿತೋ?
ದೂರವಾದರೆ ಎಣಿಕೆ ಅಲ್ಲೇ ಸಾಯಬೇಕು,
ಹತ್ತಿರ ಬಂದರೆ ಮತ್ತೆ ಲಾಭದಿಂದ.
ನಾನು ಕೈ ನಿಲ್ಲಿಸಲಿಲ್ಲ.
ಇಷ್ಟನ್ನು ನನ್ನ ಹೆಸರಿಗೆ ಬರೆದುಕೊಳ್ಳಿ.

ಮೂರು.
ಬೇವಿನ ಕಟ್ಟೆಯ ಹುಡುಗರು
'ಐದಾತು! ಐದಾತರೀ ಟೀಚರ್!'
ಅವರ ಗಡಿಯಾರಕ್ಕೆ ಹಸಿವು ಜಾಸ್ತಿ.
ಕೋಚ್ ಬೆನಕನಹಾಳ ಸರ್ ಕುರ್ಚಿ ಕೆಡವಿ ಎದ್ದರು,
'ಪಾಸ್ ಕೊಡ ಬೇ!'
ಯಾರಿಗೆ ಕೊಟ್ಟಾಳು?
ನಾಲ್ವರೂ ಅವಳಿಗೆ ಬೆನ್ನು ಮಾಡಿ
ಬುಟ್ಟಿಯ ಕಡೆ ಓಡುತ್ತಿದ್ದಾರೆ.

ನಾಲ್ಕು.
ಫೈರೋಜಾ ನೋಡಿದ್ದು ಅವರನ್ನಲ್ಲ, ಕಸ್ತೂರಿಯನ್ನೂ ಅಲ್ಲ,
ನನ್ನ ಕೈಯನ್ನು.
ಆ ನೋಟ ನನಗೆ ಗೊತ್ತು.
ಚೀಲದ ಬಾಯಿ ಹಿಡಿದು ಕುಕ್ಕರಗಾಲಲ್ಲಿ ಕೂತ ಹೆಂಗಸರು
ಅಪ್ಪನ ಅಂಗೈಯನ್ನು ಹಾಗೇ ನೋಡುತ್ತಿದ್ದರು.

ಸೀಟಿ ಊದಿದೆ. ಐದು ಬೆರಳು ಬಿಚ್ಚಿ ತೋರಿಸಿದೆ.
ಚೆಂಡು ಅಷ್ಟರಲ್ಲಿ ಅವಳ ಕೈ ಬಿಟ್ಟಿತ್ತು
ಅನ್ನುತ್ತಾರೆ ಬೆಟಗೇರಿಯವರು, ಇವತ್ತಿಗೂ,
ಟಾಂಗಾಕೂಟದ ಚಹಾದಂಗಡಿಯಲ್ಲಿ ನಾನು ಕಂಡರೆ ತುಸು ಜೋರಾಗಿ.
ಬಿಟ್ಟಿರಲಿಲ್ಲ ಅನ್ನುತ್ತದೆ ಸ್ಕೋರ್ ಶೀಟು,
ಅದರಲ್ಲಿ ಸಹಿ ನನ್ನದೇ.

ಪಂದ್ಯ ಮುಗಿದ ಮೇಲೆ ನಲ್ಲಿಯ ಹತ್ತಿರ ಬಂದಳು.
'ಟೀಚರ್, ಐದೂ ಖರೇನ ಎಣಿಸೀರಿ?'
'ಎಣಿಸೀನವಾ.'
ಮೊದಲನೆಯದನ್ನು ಏನೆಂದು ಎಣಿಸಿದೆ, ಅವಳು ಕೇಳಲಿಲ್ಲ.
ಮುಖ ತೊಳೆದುಕೊಂಡಳು,
ಮುಂದಿನ ಪಂದ್ಯಕ್ಕೆ ಗೆರೆ ಎಳೆಯಲು
ನನ್ನ ಕೈಯಿಂದ ಸುಣ್ಣದ ಡಬ್ಬಿ ಇಸಿದುಕೊಂಡಳು.
ಅವಳ ಗೆರೆ ನನ್ನದಕ್ಕಿಂತ ನೆಟ್ಟಗಿತ್ತು.