ಎಲೆಯ ಗುರುತು

ಒಂದೇ ಕೌಂಟರು, ಒಂದೇ ಬೆಳಗ್ಗೆ.
ಕಿಯೊಹರು ತನ್ನ ಲೈಸೆನ್ಸು ಮರಳಿಸಿದ,
ನಾನು ನನ್ನದು ತೆಗೆದುಕೊಂಡೆ.
ಕುಶಿರೊ ಕಚೇರಿಯ ಹುಡುಗಿ ಅವನದಕ್ಕೆ
ಟಕ್ಕೆಂದು ತೂತು ಹೊಡೆದು
ನೆನಪಿಗಿರಲಿ ಎಂದು ಎರಡೂ ಕೈಯಲ್ಲಿ ವಾಪಸು ಕೊಟ್ಟಳು.
ಆ ತೂತನ್ನು ಚೆನ್ನಾಗಿರುವ ಕಣ್ಣಿಗೆ ಹಿಡಿದು
ಅವನು ನನ್ನನ್ನು ನೋಡಿದ.
'ಕಾಣುತ್ತೀಯ,' ಎಂದ. ಅಷ್ಟೆ.

ಅರವತ್ತಮೂರು ನನಗೆ.
ಕಡಲಪಾಚಿ ಒಣಹಾಕಿ ಒರಟಾದ ಈ ಕೈ
ಸ್ಟಿಯರಿಂಗಿಗೆ ಒಗ್ಗಲು ಎಂಟು ತಿಂಗಳು ಹಿಡಿಯಿತು.
ಡ್ರೈವಿಂಗ್ ಶಾಲೆಯಲ್ಲಿ ಉಳಿದವರೆಲ್ಲ ಹದಿನೆಂಟರವರು;
ಅಜ್ಜಿ ಎನ್ನಲೋ ಅಕ್ಕ ಎನ್ನಲೋ ತಿಳಿಯದೆ
ಸುಮ್ಮನೆ ಬಂದು ನನ್ನ ಡಬ್ಬಿಯ ಮೂಲಂಗಿ ಉಪ್ಪಿನಕಾಯಿ ಕೇಳುತ್ತಿದ್ದರು.
ಮೇಷ್ಟ್ರು ಮಿನಗವ ನನ್ನ ಮಗನಿಗಿಂತ ಚಿಕ್ಕವ.
ಎಸ್ ಆಕಾರದ ತಿರುವಿನಲ್ಲಿ ಮೂರು ಸಲ ಕಟ್ಟೆ ಹತ್ತಿಸಿದೆ.
'ಫುಸಾಎ ಅವರೇ, ನೀವು ಯಾರ ಹತ್ತಿರ ಕ್ಷಮೆ ಕೇಳುತ್ತಿದ್ದೀರಿ?'
ಕಟ್ಟೆಯ ಹತ್ತಿರ, ಎಂದೆ.

ಮೂವತ್ತೆಂಟು ವರ್ಷ ಎಡಗಡೆ ಸೀಟಿನಲ್ಲಿ ಕೂತವಳು,
ಮಡಿಲಲ್ಲಿ ನಕಾಶೆ, ಇಲ್ಲವೇ ಮೀನಿನ ಬುಟ್ಟಿ, ಇಲ್ಲವೇ ಮಗು.
ಜಿಂಕೆ ದಾಟುವ ಜಾಗ ಬಂತು ಎನ್ನುವುದಷ್ಟೇ
ನನ್ನ ಪಾಲಿನ ಡ್ರೈವಿಂಗು.
ಆಮೇಲೆ ನಮ್ಮೂರ ರೈಲು ನಿಂತಿತು.
ಹೋದ ಚಳಿಗಾಲ ಅವನು
ಅಂಚೆ ಕಚೇರಿಯ ಗೋಡೆಗೆ ಕಾರು ಸವರಿಕೊಂಡು ಬಂದು
ಗೋಡೆಯೇ ಅಡ್ಡ ಬಂತು ಎಂದ.
ನಾನು ಏನೂ ಅನ್ನಲಿಲ್ಲ.
ಮರುದಿನ ಶಾಲೆಗೆ ಫೋನು ಮಾಡಿದೆ.

ಪಾರ್ಕಿಂಗಿನಲ್ಲಿ ಅವನೇ ಬಗ್ಗಿ
ಮುದುಕರ ಗಾಡಿಗೆ ಹಚ್ಚುವ ಹಣ್ಣೆಲೆಯ ಗುರುತನ್ನು
ಉಗುರಿನಿಂದ ಕಿತ್ತ.
ಹೊಸಬರ ಚಿಗುರೆಲೆಯನ್ನು ಅದೇ ಜಾಗಕ್ಕೆ ಅಂಟಿಸಿದೆ.
ಅಳತೆ ಕೂಡಲಿಲ್ಲ.
ಬಿಸಿಲು ತಾಗದ ಹಳೆಯ ಎಲೆಯ ಅಚ್ಚು
ಹೊಸದರ ಸುತ್ತ ಬೆರಳಗಲ ಉಳಿದೇ ಇತ್ತು.
ಇರಲಿ ಬಿಡು, ಎಂದ.

ಕಡಲ ಮಂಜು ರಸ್ತೆಗೆ ಹತ್ತಿತ್ತು.
ನಲವತ್ತರ ವೇಗದಲ್ಲಿ ಹೊರಟೆ. ಹಿಂದೆ ಹಾಲಿನ ಟ್ಯಾಂಕರು,
ಚಿಗುರೆಲೆ ಕಂಡು ಹಾರನ್ನು ಮಾಡದೆ ಬಂತು.
ಅವನು ಮೊದಮೊದಲು ಇಲ್ಲದ ಬ್ರೇಕು ತುಳಿದ.
ಜಿಂಕೆ, ಎಂದ. ಅದು ಕಂಬ.
ಕಂಬ, ಎಂದ. ಅದು ಜಿಂಕೆ.
ನಿಲ್ಲಿಸಿದೆ. ದಾಟಿತು.
ಆಮೇಲೆ ಮಾತಿಲ್ಲ. ತಿರುಗಿ ನೋಡಿದರೆ
ಬಾಯಿ ತೆರೆದು ನಿದ್ದೆ ಹೋಗಿದ್ದಾನೆ,
ತೂತಿನ ಕಾರ್ಡು ಮುಷ್ಟಿಯಲ್ಲಿ.
ಕಾರಿನಲ್ಲಿ ಇವನು ಮಲಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಮನೆಯ ತಿರುವು ಬಂತು.
ಇಂಡಿಕೇಟರಿಗೆ ಕೈ ಹೋಯಿತು,
ಹಾಕಲಿಲ್ಲ.
ಭೂಶಿರಕ್ಕೆ ಇನ್ನೂ ಹನ್ನೊಂದು ಕಿಲೋಮೀಟರು.
ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲು.