ಗೋಡೆ ಪಕ್ಕದ ಪಂಜರ

ಬೀದರಿನ ಪಶುವೈದ್ಯ ಕಾಲೇಜಿನ ಹಿಂದೆ
ತಗಡಿನ ಮಾಡು, ಕೆಂಪುಕಲ್ಲಿನ ಗೋಡೆ,
ಒಳಗೆ ನಲವತ್ತು ಬಿಳಿ ಇಲಿ, ನಾನು, ಝರೆಪ್ಪ.
ಮೇ ತಿಂಗಳು. ಕರೆಂಟು ಬಂದಷ್ಟೇ ಸಲ ಹೋಗುತ್ತದೆ.

ತಾಯಿಹಾಲಿನಲ್ಲಿ ಇಳಿದುಬರುವ ಒಂದು ವೈರಸ್ಸು
ಮರಿಯ ಜೀನುಗಳ ನಡುವೆ ತನ್ನನ್ನೇ ಹೊಲಿದುಕೊಂಡು
ಸುಮ್ಮನಾಗುತ್ತದೆ,
ಬಾಡಿಗೆ ಕೊಡದ, ಬಾಗಿಲೂ ತೆರೆಯದ ಬಿಡಾರ.
ಅದರ ಅಂಚಿನಲ್ಲೊಂದು ವಿಳಾಸ:
ಟಿ ಜಿ ಟಿ ಟಿ ಸಿ ಟಿ.
ಅದಕ್ಕೂ ಮುಂಚೆ ಯಾವುದಾದರೂ ಮೂರಕ್ಷರ,
ಅದಕ್ಕೂ ಮುಂಚೆ ಅವೇ ಆರು, ಎದುರಿನ ಎಳೆಯಲ್ಲಿ ಹಿಮ್ಮುಖವಾಗಿ.
ಚಿಕ್ಕಂದಿನಲ್ಲಿ ವಿಕಟಕವಿ ಎಂದು
ಎರಡೂ ಕಡೆಯಿಂದ ಓದಿ ನಕ್ಕಿದ್ದೆವಲ್ಲ,
ಹೆಚ್ಚುಕಡಿಮೆ ಹಾಗೆ.

ಹಾರ್ಮೋನು ಕೊಬ್ಬಿನ ಜಾತಿಯದು,
ಜೀವಕೋಶದ ಗೋಡೆ ಅದಕ್ಕೆ ಗೋಡೆಯಲ್ಲ.
ಒಳಗೆ ಕಾದು ಕೂತ ಗ್ರಾಹಕನ ಕೈಹಿಡಿದು
ಕೋಶಕೇಂದ್ರಕ್ಕೆ ಹೋಗಿ
ಆ ಅಕ್ಷರಗಳ ಮೇಲೆ ಜೋಡಿಯಾಗಿ ಕೂತಿತೋ, ಮುಗೀತು.
ಮಲಗಿದ್ದ ಪಾಠ ನಕಲಾಗತೊಡಗುತ್ತದೆ, ಪ್ರತಿಯ ಮೇಲೆ ಪ್ರತಿ.

ನಾನು ತೋರಿಸಬೇಕಿದ್ದದ್ದು ಇಷ್ಟೇ.
ಒಂದನೇ ಪಂಜರಕ್ಕೆ ಡೆಕ್ಸಾಮೆಥಾಸೋನ್ ಸೂಜಿ,
ಎರಡನೆಯದಕ್ಕೆ ಬರೀ ಉಪ್ಪುನೀರು.

ಕತ್ತಲೆಕೋಣೆಯಲ್ಲಿ ಫಿಲ್ಮು ತೊಳೆದರೆ
ಒಂದರಲ್ಲಿ ಕಪ್ಪು ಪಟ್ಟಿ; ಇರಲೇಬೇಕು.
ಎರಡರಲ್ಲೂ ಕಪ್ಪು ಪಟ್ಟಿ.
ಅಷ್ಟು ದಟ್ಟವಲ್ಲ. ಒರೆಸಿದ ಮೇಲೂ ಉಳಿದ ಕಾಡಿಗೆಯಷ್ಟು.

ಝರೆಪ್ಪನ ಮೇಲೆ ಹರಿಹಾಯ್ದೆ.
ಸೀಸೆ ಅದಲುಬದಲು ಮಾಡಿದ್ದೀ,
ಕನ್ನಡಕ ಹಾಕು ಅಂದರೆ ಕೇಳಲ್ಲ,
ಮೂರು ತಿಂಗಳ ಕೆಲಸ ಹೋಯ್ತು ನೀರಿಗೆ...
ಅವನು ಹೊಟ್ಟು ಬದಲಿಸುತ್ತಲೇ ಇದ್ದ. ಆಮೇಲೆ ಅಂದ:
"ಎರಡನೇದು ಗ್ವಾಡಿಗಿ ಹತ್ತಿ ಅದ್ರಿ ಮೇಡಂ.
ಗ್ವಾಡಿ ಆಚಿ ಜನರೇಟರ್. ಅದು ಚಾಲೂ ಆಯ್ತಂದ್ರ
ಇವು ಒಂದರ ಮ್ಯಾಲ ಒಂದು ಬಿದ್ದು ನಡಗತಾವ.
ದಿನಾ ನೋಡ್ತೀನಿ. ಇವಕ್ಕ ಸೂಜಿ ಯಾಕ ಬೇಕ್ರಿ?"

ಗೋಡೆಗೆ ಅಂಗೈ ಇಟ್ಟೆ. ಕಲ್ಲು ಮಿಡಿಯುತ್ತಿತ್ತು.

ಮೂತ್ರಪಿಂಡದ ನೆತ್ತಿಯ ಸಾಸಿವೆಯಷ್ಟು ಗ್ರಂಥಿ
ನನ್ನ ಸೀಸೆಯ ಔಷಧಿಯ ಒಡಹುಟ್ಟನ್ನು
ಹೆದರಿ ಹೆದರಿ ತಾನೇ ಸುರಿದಿತ್ತು.
ವೈರಸ್ಸಿಗೆ ಸೂಜಿಯೇನು, ಸದ್ದೇನು.

ಝರೆಪ್ಪ ಮೊದಲು ಬಿದರಿ ಕೆಲಸದವನು.
ಬೆಳ್ಳಿಯ ಎಳೆ ಕೂಡಿಸಿದ ಹೂಜಿ ಬರೀ ಬೂದು, ಏನೂ ಕಾಣದು;
ಕಿಲ್ಲಾದ ಮಣ್ಣು, ನವಸಾಗರ ಕುದಿಸಿ ತಿಕ್ಕಿದರೆ
ಮೈಯೆಲ್ಲ ಕಪ್ಪಾಗಿ ಬಳ್ಳಿ ಏಳುತ್ತದೆ.
ನಾಲಿಗೆಗೆ ಇಟ್ಟೇ ಮಣ್ಣು ಆರಿಸುತ್ತಿದ್ದನಂತೆ.
"ಮಣ್ಣು ಬಳ್ಳಿ ಬರಿಯಲ್ರಿ. ಬರದದ್ದು ತೋರಸ್ತದ."
ಇಲ್ಲಿ ಏಳುವುದು ಬಳ್ಳಿಯಲ್ಲ, ಮೊಲೆಯ ಗಂಟು,
ಅದನ್ನು ನಾನು ಹೇಳಲಿಲ್ಲ.
ಕ್ಷಮೆಯನ್ನೂ ಕೇಳಲಿಲ್ಲ. ಚಹಾ ತರಿಸಿದೆ.

ಪಂಜರವನ್ನು ಇಬ್ಬರೂ ಎತ್ತಿ ಆಚೆ ಬದಿಗಿಟ್ಟೆವು.
ಪುಸ್ತಕದಲ್ಲಿ ಉಪ್ಪುನೀರು ಎಂದಿದ್ದ ಕಡೆ
ಪಕ್ಕದಲ್ಲೇ ಬರೆದೆ: ಮತ್ತು ಜನರೇಟರ್.

ಆಗಲೇ ಕರೆಂಟು ಹೋಯಿತು. ಗೋಡೆ ಗುಡುಗಿತು.
ಇಲಿಗಳು ಮೂಗೆತ್ತಿ, ಮತ್ತೆ ಕಾಳಿಗೆ ಬಾಯಿ ಹಾಕಿದವು.
ಪೆನ್ನು ಬಿದ್ದದ್ದು ನನ್ನ ಕೈಯಿಂದ.